ಆಗಮನ ಕಾಲದಲ್ಲಿ ಒಂದು ನೋಟ್‌ಬುಕ್: ಕೊನೆಗಾಲದ ಮಾತನ್ನು ಮನೆಯಲ್ಲಿ ಹೇಗೆ ತೆಗೆಯುವುದು?

ಕೌಲ್‌ಬಜಾರ್ ಅಕ್ಕ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ನವೆಂಬರ್ 30, ಆಗಮನ ಕಾಲದ, ಅಂದರೆ ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ವಾರಗಳ, ಮೊದಲ ಭಾನುವಾರ. ಚರ್ಚಿನ ಪೂಜೆಯಲ್ಲಿ ಬೈಬಲಿನ ಮತ್ತಾಯನ ಶುಭಸಂದೇಶದ 24ನೇ ಅಧ್ಯಾಯ ಓದಿದರು. ಇಬ್ಬರು ಹೆಂಗಸರು ಕಲ್ಲಿನಲ್ಲಿ ಬೀಸುತ್ತಿರುತ್ತಾರೆ, ಒಬ್ಬಳು ಹೋಗುತ್ತಾಳೆ, ಇನ್ನೊಬ್ಬಳು ಉಳಿಯುತ್ತಾಳೆ ಎನ್ನುವ ಮಾತು. ಚಿಕ್ಕವಳಿದ್ದಾಗಿನಿಂದ ಅದನ್ನು ಕೇಳಿದಾಗಲೆಲ್ಲ ನನಗೆ ಹೋದವಳದ್ದೇ ಚಿಂತೆ. ಈ ಸಲ ಉಳಿದವಳು ಕಣ್ಮುಂದೆ ಬಂದಳು. ಕಲ್ಲಲ್ಲಿ ಅರ್ಧ ಬೀಸಿದ ಜೋಳ. ಅದು ಯಾರ ಮನೆಯದು, ಯಾರಿಗೆ ಎಷ್ಟು ಅಳೆದು ಕೊಡಬೇಕು, ಅವಳಿಗೇನು ಗೊತ್ತು?

ಕಳೆದ ಜೂನ್‌ನಲ್ಲಿ ನಮ್ಮ ಅಪ್ಪ ತೀರಿಕೊಂಡರು. 79 ವರ್ಷ. ಜೀನ್ಸ್ ಹೊಲಿಯುವ ಸಣ್ಣ ಯೂನಿಟ್ ನಡೆಸುತ್ತಿದ್ದವರು. ಅಪ್ಪ ಎಲ್ಲವನ್ನೂ ಬರೆದಿಡುತ್ತಿದ್ದರು. ಯಾವ ಟೈಲರ್‌ಗೆ ಎಷ್ಟು ಕೊಡಬೇಕು, ಕರೆಂಟ್ ಬಿಲ್ ಯಾವತ್ತು ಕಟ್ಟಿದ್ದು, ಗ್ಯಾಸ್ ಸಿಲಿಂಡರ್ ಯಾವತ್ತು ಬಂದದ್ದು. 40 ವರ್ಷದ ಲೆಕ್ಕದ ಪುಸ್ತಕಗಳು ಅಟ್ಟದ ಮೇಲಿವೆ. ತಮ್ಮ ಬಗ್ಗೆ ಮಾತ್ರ ಒಂದು ಸಾಲೂ ಬರೆದಿರಲಿಲ್ಲ.

ಸ್ಟ್ರೋಕ್ ಆಗಿ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. 13 ದಿನ ಐಸಿಯುನಲ್ಲಿದ್ದರು, ಅದರಲ್ಲಿ 11 ದಿನ ವೆಂಟಿಲೇಟರ್. ಆರನೇ ದಿನ ಡಾಕ್ಟರ್ ಹೊರಗೆ ಬಂದು "ಚೇತರಿಕೆಯ ಲಕ್ಷಣ ಇಲ್ಲ, ಮುಂದೇನು ಮಾಡೋಣ?" ಎಂದು ಕೇಳಿದರು. ಪುಣೆಯಿಂದ ಬಂದಿದ್ದ ತಮ್ಮ "ಎಲ್ಲಾ ಮಾಡಿ" ಎಂದ. ನಾನು "ಸಾಕು, ಮನೆಗೆ ಕರೆದುಕೊಂಡು ಹೋಗೋಣ" ಎಂದೆ. ಐಸಿಯು ಬಾಗಿಲಲ್ಲಿ ನಿಂತು ಅಕ್ಕ ತಮ್ಮ ಜಗಳವಾಡಿದೆವು. ಅವ್ವ ಬೆಂಚಿನ ಮೇಲೆ ಜಪಮಾಲೆ ಹಿಡಿದು ಸುಮ್ನೆ ಕೂತಿದ್ದಳು. ಅಪ್ಪನಿಗೆ ಏನು ಬೇಕಿತ್ತು ಎಂದು ನಮ್ಮ ಮೂವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಫಾದರ್ ಅವರನ್ನು ಕರೆಸಲೂ ತಡಮಾಡಿದೆವು, ಅಪ್ಪ ಹೆದರಿಬಿಡುತ್ತಾರೆ ಎಂದು. ಅವರು ಬಂದಾಗ ಅಪ್ಪನಿಗೆ ಎಚ್ಚರವೇ ಇರಲಿಲ್ಲ.

ತಮ್ಮ ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ. ಅವನದೂ ತಪ್ಪಲ್ಲ. ಅಪ್ಪನ ಮೇಲಿನ ಪ್ರೀತಿ ಇಬ್ಬರಿಗೂ ಒಂದೇ ಇತ್ತು.

ಈಗ ಅವ್ವನಿಗೆ 74. "ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ" ಎಂದು ಅವಳೇ ಹೇಳುತ್ತಿರುತ್ತಾಳೆ. ನಾವು ಮಾತ್ರ "ಅಂಥ ಮಾತು ಬೇಡವ್ವ" ಎಂದು ಬಾಯಿ ಮುಚ್ಚಿಸುತ್ತೇವೆ. ಇದೇ ತಪ್ಪು ಎಂದು ಈಗ ಅನ್ನಿಸುತ್ತಿದೆ. ನಿಮ್ಮ ಮನೆಗಳಲ್ಲಿ ಈ ಮಾತು ಹೇಗೆ ಶುರು ಮಾಡಿದಿರಿ? ನಮ್ಮ ಕಥೋಲಿಕ ಧರ್ಮಸಭೆ (ಚರ್ಚ್) ಏನು ಹೇಳುತ್ತದೆ, ಕಾನೂನು ಏನು ಹೇಳುತ್ತದೆ, ಗೊತ್ತಿದ್ದವರು ಹೇಳಿ.

ಗೋದಲಿ ಮನೆ, ರಾಯಚೂರು

ಅಕ್ಕ, ನಿಮ್ಮ ದುಃಖ ಅರ್ಥವಾಗುತ್ತದೆ. ಬೇಜಾರು ಮಾಡಿಕೊಳ್ಳಬೇಡಿ, ಒಂದು ಮಾತು ಕೇಳುತ್ತೇನೆ. ಮಕ್ಕಳು ಗೋದಲಿ, ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆಮನೆ, ಕಟ್ಟುವ ಸಮಯ ಇದು. ಸ್ಟಾರ್ ಹಾಕಿದ್ದೇವೆ, ಕರ್ಚಿಕಾಯಿಗೆ ಕೊಬ್ಬರಿ ತುರಿದಿಟ್ಟಿದ್ದೇವೆ. ಸತ್ತವರನ್ನು ನೆನೆಯಲು ನವೆಂಬರ್ ತಿಂಗಳು ಪೂರ್ತಿ ಇತ್ತಲ್ವಾ? ಡಿಸೆಂಬರ್‌ನಲ್ಲೂ ಸಾವಿನ ಮಾತೇಕೆ?

ಮುದಗಲ್ ಉಪದೇಶಿ

ತಂಗಿ, ನೀವು ಕೇಳಿದ್ದು ಸರಿಯಾದ ಪ್ರಶ್ನೆ. ನಾನೂ ಎಷ್ಟೋ ವರ್ಷ ಹಾಗೇ ಅಂದುಕೊಂಡಿದ್ದೆ. ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡಲು ಶುರು ಮಾಡಿದ ಮೇಲೆ ಪೂಜೆಯ ವಾಚನಗಳನ್ನು ಗಮನವಿಟ್ಟು ನೋಡಿದೆ.

ಆಗಮನ ಎಂದರೆ ಬರುವುದು. ಡಿಸೆಂಬರ್ 16ರವರೆಗೆ ಧರ್ಮಸಭೆ ಮುಖ್ಯವಾಗಿ ನೆನೆಯುವುದು ಕ್ರಿಸ್ತರು ಕಡೆಯ ದಿನ ಮತ್ತೆ ಬರುವುದನ್ನು. 17ರಿಂದ 24ರವರೆಗೆ ಬೆತ್ಲೆಹೇಮಿನ ಹುಟ್ಟಿನ ಕಡೆಗೆ ತಿರುಗುತ್ತದೆ. ಹಾಗಾಗಿ ಮೊದಲ ಭಾನುವಾರ ಯಾವ ವರ್ಷವೂ ಮಗುವಿನ ಕಥೆ ಓದುವುದಿಲ್ಲ, ಎಚ್ಚರವಾಗಿರಿ ಎಂದೇ ಓದುತ್ತಾರೆ. 12ನೇ ಶತಮಾನದ ಸಂತ ಬರ್ನಾರ್ಡರು ಮೂರು ಆಗಮನ ಎಂದರು. ಒಂದು ಬೆತ್ಲೆಹೇಮಿನದು, ಒಂದು ಕಡೆಯ ದಿನದ್ದು, ನಡುವೆ ಒಂದು ಯಾರಿಗೂ ಕಾಣದಂತೆ ನಮ್ಮ ಮನಸ್ಸಿಗೆ ಬರುವುದು.

ಇನ್ನೊಂದು ಮಾತು. ಜಪಮಾಲೆಯಲ್ಲಿ ನಾವು 50 ಸಲ ಮಾತೆಯನ್ನು ಕೇಳಿಕೊಳ್ಳುವುದು ಏನು? ಈಗ ಮತ್ತು ನಮ್ಮ ಮರಣದ ಗಳಿಗೆಯಲ್ಲಿ ನಮಗಾಗಿ ಪ್ರಾರ್ಥಿಸಿ ಎಂದು. ದಿನಾ 50 ಸಲ ಬಾಯಲ್ಲಿ ಹೇಳುವ ವಿಷಯವನ್ನು ಮನೆಯಲ್ಲಿ ಒಂದು ಸಲ ಕೂತು ಮಾತಾಡಲು ಹೆದರುತ್ತೇವೆ.

ನಮ್ಮ ಮುದಗಲ್‌ನಲ್ಲಿ ಆದಿಲ್‌ಶಾಹಿ ಕಾಲದಿಂದ ಕ್ರೈಸ್ತರಿದ್ದೇವೆ. ಹಳೆಯ ಸಮಾಧಿಗಳ ಪಕ್ಕದಲ್ಲೇ ಆಡಿ ಬೆಳೆದವರು ನಾವು. ನಮ್ಮ ತಾತ ತಮ್ಮ ಜಾಗ ಎಲ್ಲಿ ಎಂದು ಕೋಲಿನಿಂದ ತೋರಿಸಿ, ಅಲ್ಲೇ ಪಕ್ಕದಲ್ಲಿ ಕೂತು ಕಡಲೆ ತಿನ್ನುತ್ತಿದ್ದರು. ಅವರಿಗೆ ಅದು ಹೆದರಿಕೆಯ ಮಾತಾಗಿರಲಿಲ್ಲ. ನಮಗೆ ಯಾವಾಗ ಆಯಿತೋ ಗೊತ್ತಿಲ್ಲ.

ಗೋದಲಿ ಮನೆ, ರಾಯಚೂರು

ಅಣ್ಣ, 17ರ ವಿಷಯ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಈ ವಾರ ವಾಚನಗಳನ್ನು ನೋಡುತ್ತೇನೆ.

ಕೊಪ್ಪಳದ ತಮ್ಮ

ನನಗೆ ಬೇರೆ ಅನುಮಾನ. ವೆಂಟಿಲೇಟರ್ ತೆಗೆಯಿರಿ ಎಂದು ಮೊದಲೇ ಬರೆದುಕೊಟ್ಟರೆ ಅದು ದಯಾಮರಣ ಆಗುವುದಿಲ್ಲವಾ? ಜೀವ ಕೊಟ್ಟವನು ದೇವರು, ತೆಗೆಯುವವನೂ ಅವನೇ ಎಂದು ಕಲಿತವರು ನಾವು.

ನಿವೃತ್ತ ನರ್ಸ್, ರಾಯಚೂರು

ತಮ್ಮಾ, 34 ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದ್ದೇನೆ. ಈ ಪ್ರಶ್ನೆಯನ್ನು ಎಷ್ಟು ಮನೆಯವರು ಕೇಳಿದ್ದಾರೋ ಲೆಕ್ಕವಿಲ್ಲ. ಹಾಗಾಗಿ ಓದಿ ತಿಳಿದುಕೊಂಡೆ.

ಎರಡೂ ಬೇರೆ ಬೇರೆ. ರೋಗಿಯ ನೋವು ಮುಗಿಸಬೇಕೆಂದು ಸೂಜಿ ಚುಚ್ಚಿ ಜೀವ ತೆಗೆಯುವುದು ಒಂದು. ಅದನ್ನು ಧರ್ಮಸಭೆ ಎಂದೂ ಒಪ್ಪುವುದಿಲ್ಲ, ನಮ್ಮ ದೇಶದ ಕಾನೂನೂ ಒಪ್ಪುವುದಿಲ್ಲ. ಗುಣವಾಗುವ ಭರವಸೆ ಇಲ್ಲದೆ, ರೋಗಿಗೆ ಹಿಂಸೆ ಮಾತ್ರ ಆಗುವ ಚಿಕಿತ್ಸೆಯನ್ನು ಬೇಡ ಎನ್ನುವುದು ಇನ್ನೊಂದು. ಅದು ಪಾಪವಲ್ಲ. ಕಥೋಲಿಕ ಧರ್ಮೋಪದೇಶ ಗ್ರಂಥದ 2278ನೇ ಪ್ಯಾರಾ ಇದನ್ನೇ ಹೇಳುತ್ತದೆ. ಅಲ್ಲಿ ನಾವು ಸಾವನ್ನು ಬಯಸುತ್ತಿಲ್ಲ, ತಡೆಯಲು ಆಗುತ್ತಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತಿದ್ದೇವೆ ಅಷ್ಟೇ. ಇದು ಹೊಸ ಮಾತೂ ಅಲ್ಲ. 1957ರಲ್ಲೇ ಪೋಪ್ 12ನೇ ಪಯಸ್ ಅವರು ಅರಿವಳಿಕೆ ವೈದ್ಯರ ಮುಂದೆ ಮಾತಾಡುತ್ತಾ, ಸಾಮಾನ್ಯ ಚಿಕಿತ್ಸೆ ಪಡೆಯುವುದು ಕರ್ತವ್ಯ, ಹೊರಲಾರದ ಹೊರೆಯಾಗುವ ಚಿಕಿತ್ಸೆ ಕಡ್ಡಾಯವಲ್ಲ ಎಂದು ಹೇಳಿದ್ದರು.

ಸಂತ ಎರಡನೇ ಜಾನ್ ಪಾಲರನ್ನೇ ನೋಡಿ. 2005ರ ಕೊನೆಯ ದಿನಗಳಲ್ಲಿ ಅವರನ್ನು ಮತ್ತೆ ಆಸ್ಪತ್ರೆಗೆ ಸಾಗಿಸಲಿಲ್ಲ. ಏಪ್ರಿಲ್ 2ರಂದು ತಮ್ಮ ಕೋಣೆಯಲ್ಲೇ, ಸುತ್ತ ಪ್ರಾರ್ಥನೆ ನಡೆಯುತ್ತಿರುವಾಗ ಹೋದರು. ದಯಾಮರಣದ ವಿರುದ್ಧ ಅಷ್ಟು ಗಟ್ಟಿಯಾಗಿ ಬರೆದ ಪೋಪ್ ಅವರು.

ಒಂದು ಎಚ್ಚರಿಕೆ. ಊಟ ಮತ್ತು ನೀರು, ಟ್ಯೂಬಿನಲ್ಲಿ ಕೊಟ್ಟರೂ, ಧರ್ಮಸಭೆಯ ಪ್ರಕಾರ ಸಾಮಾನ್ಯ ಆರೈಕೆ. ದೇಹ ಅದನ್ನು ತೆಗೆದುಕೊಳ್ಳುವವರೆಗೆ ಕೊಡಬೇಕು. ಕೊನೆಯ ಗಳಿಗೆಯಲ್ಲಿ ದೇಹವೇ ಬೇಡ ಎನ್ನುತ್ತದೆ, ಆಗ ಬಲವಂತ ಮಾಡಬಾರದು. ಇದನ್ನು ಬರೆದಿಡುವಾಗ ಒಂದು ಸಾಲು ಸೇರಿಸಿ.

ನೋವಿನ ಔಷಧಿಗೂ ನಮ್ಮವರು ಜಾಸ್ತಿ ಹೆದರುತ್ತಾರೆ. ಮಾರ್ಫಿನ್ ಎಂದರೆ ಸಾಯಿಸುವ ಔಷಧಿ ಎಂದು ತಿಳಿದವರು ಈಗಲೂ ಇದ್ದಾರೆ. ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಅದು ಕ್ಯಾನ್ಸರ್ ರೋಗಿಗೆ ರಾತ್ರಿಯ ನಿದ್ದೆ ಕೊಡುತ್ತದೆ. 2014ರಲ್ಲಿ ಕಾನೂನು ತಿದ್ದುಪಡಿಯಾಗಿ, ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳುವ ನಿಯಮ ಸಡಿಲವಾಗಿದೆ. ಧರ್ಮಸಭೆಗೂ ಇದಕ್ಕೆ ಅಡ್ಡಿಯಿಲ್ಲ. 2279ನೇ ಪ್ಯಾರಾ ಓದಿ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಿಂದ "ಮನೆಗೆ ಕರೆದುಕೊಂಡು ಹೋಗಿ" ಎಂದು ಕಳಿಸಿದಾಗ ನಮ್ಮ ಕಡೆಯವರು ಎಲ್ಲಾ ಮುಗಿಯಿತು ಎಂದು ಕೈಚೆಲ್ಲಿ ಕೂರುತ್ತಾರೆ. ನಿಜವಾದ ಶುಶ್ರೂಷೆ ಅಲ್ಲಿಂದಲೇ ಶುರು. ಬಾಯಿ ಒರೆಸುವುದು, ಮಗ್ಗುಲು ಬದಲಿಸುವುದು, ಪಕ್ಕದಲ್ಲಿ ಕೂತು ಹೆಸರು ಹಿಡಿದು ಕರೆಯುವುದು.

ಕೌಲ್‌ಬಜಾರ್ ಅಕ್ಕ, ನೀವು ಫಾದರ್ ವಿಷಯ ಬರೆದದ್ದು ಓದಿ ಕಣ್ಣು ತುಂಬಿತು. ರೋಗಿಗಳಿಗೆ ಎಣ್ಣೆ ಹಚ್ಚುವ ಸಂಸ್ಕಾರ ಸಾಯುವವರಿಗೆ ಮಾತ್ರ ಎಂಬ ಹೆದರಿಕೆ ನಮ್ಮಲ್ಲಿ ಹೋಗಿಲ್ಲ. ಅದನ್ನು ದೊಡ್ಡ ಆಪರೇಷನ್‌ಗೆ ಮೊದಲು ಪಡೆಯಬಹುದು, ವಯಸ್ಸಾಗಿ ಸೊರಗಿದಾಗ ಪಡೆಯಬಹುದು, ಕಾಯಿಲೆ ಹೆಚ್ಚಾದರೆ ಮತ್ತೊಮ್ಮೆ ಪಡೆಯಬಹುದು. ಕೊನೆಯ ಪ್ರಯಾಣಕ್ಕೆಂದೇ ಕೊಡುವುದು ಪರಮಪ್ರಸಾದ, ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ, ದಾರಿಗೆ ಬುತ್ತಿ ಕಟ್ಟಿಕೊಟ್ಟ ಹಾಗೆ. ಎಚ್ಚರ ಇರುವಾಗಲೇ ಕರೆಸಿ. ಅಪ್ಪನ ವಿಷಯದಲ್ಲಿ ನೀವು ಕೊರಗಬೇಡಿ. ಎಚ್ಚರ ತಪ್ಪಿದವರಿಗೂ ಆ ಸಂಸ್ಕಾರ ಕೊಡುತ್ತಾರೆ ಎಂದರೆ ಅದಕ್ಕೆ ಅರ್ಥವಿದೆ ಎಂದೇ.

ಕೊಪ್ಪಳದ ತಮ್ಮ

ಸಿಸ್ಟರ್, ಬಹಳ ದೊಡ್ಡ ಉಪಕಾರವಾಯಿತು. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ.

ಕೋರ್ಟ್ ರಸ್ತೆ ವಕೀಲ, ಕೊಪ್ಪಳ

ಕಾನೂನಿನ ಭಾಗ ನಾನು ಹೇಳುತ್ತೇನೆ. ನಾನು ಕ್ರೈಸ್ತನಲ್ಲ, ಲಿಂಗಾಯತ. ಆದರೆ ಈ ವಿಷಯ ಎಲ್ಲರ ಮನೆಯದು.

2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ, ಕಾಮನ್ ಕಾಸ್ ಎಂಬ ಸಂಸ್ಥೆ ಹಾಕಿದ್ದ ಪ್ರಕರಣದಲ್ಲಿ, ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಹಕ್ಕನ್ನು ಒಪ್ಪಿತು. ಆಗ ಹಾಕಿದ್ದ ನಿಯಮ ಬಹಳ ಕಷ್ಟದ್ದು, ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರ ಜನವರಿಯಲ್ಲಿ ಸಡಿಲ ಮಾಡಿದರು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ದೃಢೀಕರಿಸಿದರೆ ಸಾಕು. ನಿಮ್ಮ ಪರವಾಗಿ ಮಾತಾಡುವವರ ಹೆಸರು ಅದರಲ್ಲಿರಬೇಕು. ಒಬ್ಬರಿಗಿಂತ ಹೆಚ್ಚು ಹೆಸರು ಬರೆಯಬಹುದು. ಒಂದು ಪ್ರತಿ ಪಂಚಾಯಿತಿ ಅಥವಾ ನಗರಸಭೆಯ ಅಧಿಕಾರಿಗೆ ಕೊಡಬೇಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರಹದಲ್ಲಿ ರದ್ದು ಮಾಡಬಹುದು.

ಪತ್ರ ಇದೆ ಎಂದು ಡಾಕ್ಟರ್ ತಕ್ಷಣ ಸ್ವಿಚ್ ಆರಿಸುವುದಿಲ್ಲ, ಆ ಹೆದರಿಕೆ ಬೇಡ. ರೋಗಿ ತಾನೇ ಹೇಳುವ ಸ್ಥಿತಿಯಲ್ಲಿ ಇಲ್ಲದಾಗ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಮೊದಲು ಆಸ್ಪತ್ರೆಯ ಮೂವರು ವೈದ್ಯರ ಮಂಡಳಿ ನೋಡುತ್ತದೆ. ಆಮೇಲೆ ಜಿಲ್ಲಾ ವೈದ್ಯಾಧಿಕಾರಿ ನೇಮಿಸಿದವರಿರುವ ಇನ್ನೊಂದು ಮಂಡಳಿ ನೋಡುತ್ತದೆ. ಸಾಧ್ಯವಾದರೆ 48 ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು. ಮ್ಯಾಜಿಸ್ಟ್ರೇಟರಿಗೆ ತಿಳಿಸಿದ ಮೇಲೆಯೇ ಮುಂದಿನ ಕ್ರಮ. ನಮ್ಮ ರಾಜ್ಯ ಸರ್ಕಾರವೂ 2025ರ ಜನವರಿ 30ರಂದು ಇದನ್ನು ಜಾರಿ ಮಾಡಲು ಆದೇಶ ಹೊರಡಿಸಿದೆ.

ಅಕ್ಕಾವರೇ, ಮನೆ ಇನ್ನೂ ಅಪ್ಪನ ಹೆಸರಲ್ಲಿದ್ದು ವಿಲ್ ಇಲ್ಲದಿದ್ದರೆ, ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯ. ಅವ್ವನಿಗೆ ಮೂರನೇ ಒಂದು ಭಾಗ. ಉಳಿದ ಎರಡು ಭಾಗ ಮಕ್ಕಳಿಗೆ, ಗಂಡು ಹೆಣ್ಣು ಭೇದವಿಲ್ಲದೆ ಸಮ. ಅವ್ವ ವಿಲ್ ಬರೆಯುವುದಾದರೆ ಬಿಳಿ ಹಾಳೆಯಲ್ಲೂ ಬರೆಯಬಹುದು, ಸ್ಟ್ಯಾಂಪ್ ಪೇಪರ್ ಬೇಡ. ಇಬ್ಬರು ಸಾಕ್ಷಿ ಬೇಕು. ಆಸ್ತಿ ಪಡೆಯುವವರನ್ನು ಅಥವಾ ಅವರ ಗಂಡ, ಹೆಂಡತಿಯನ್ನು ಸಾಕ್ಷಿ ಮಾಡಬೇಡಿ, ಅವರ ಪಾಲು ಹೋಗುತ್ತದೆ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ನೆಮ್ಮದಿ. ಬ್ಯಾಂಕಿನಲ್ಲಿ ನಾಮಿನಿ ಇದ್ದಾರೆ ಎಂದ ಮಾತ್ರಕ್ಕೆ ದುಡ್ಡು ಅವರದ್ದಾಗುವುದಿಲ್ಲ. ಎಷ್ಟೋ ಮನೆಗಳ ಜಗಳ ಇಲ್ಲಿಂದಲೇ ಶುರುವಾಗಿದೆ.

ಮುದಗಲ್ ಉಪದೇಶಿ

ವಕೀಲರೇ, ಶರಣು. ಒಂದು ಕೇಳುತ್ತೇನೆ. ಚರ್ಚಿಗೆ ಅಥವಾ ಅನಾಥಾಲಯಕ್ಕೆ ಏನಾದರೂ ಬರೆಯುವುದಿದ್ದರೆ ಸಾಯುವ ಒಂದು ವರ್ಷ ಮೊದಲೇ ಬರೆದಿರಬೇಕು, ಇಲ್ಲದಿದ್ದರೆ ನಡೆಯುವುದಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಈಗಲೂ ಹಾಗೇನಾ?

ಕೋರ್ಟ್ ರಸ್ತೆ ವಕೀಲ, ಕೊಪ್ಪಳ

ಶರಣು. ಹಿರಿಯರು ಹೇಳಿದ್ದು ಸುಳ್ಳಲ್ಲ. ಅದೇ ಕಾಯ್ದೆಯ 118ನೇ ಕಲಂ ಹಾಗೆ ಹೇಳುತ್ತಿತ್ತು, ಹತ್ತಿರದ ಸಂಬಂಧಿಕರು ಇರುವ ಕ್ರೈಸ್ತರಿಗೆ. ಕೇರಳದ ಫಾದರ್ ಜಾನ್ ವಳ್ಳಮಟ್ಟಂ ಅದನ್ನು ಪ್ರಶ್ನಿಸಿದರು. 2003ರಲ್ಲಿ ಸುಪ್ರೀಂ ಕೋರ್ಟ್ ಆ ಕಲಮನ್ನೇ ಹೊಡೆದುಹಾಕಿತು. ಈಗ ಆ ತೊಡಕಿಲ್ಲ.

ಬೆಂಗಳೂರಿನಲ್ಲಿರುವ ಸಿರುಗುಪ್ಪದವನು

ಎಲ್ಲಾ ಓದಿದೆ. ಕಾಗದ ಪತ್ರ ಮಾಡಿಸುವುದು ನನಗೆ ಕಷ್ಟವಲ್ಲ. ಆದರೆ ಅಪ್ಪ ಅಮ್ಮನ ಮುಂದೆ ಕೂತು "ನೀವು ಹೋಗುವಾಗ ಏನು ಮಾಡಲಿ" ಎಂದು ಹೇಗೆ ಕೇಳಲಿ? ಆಸ್ತಿಗೆ ಆಸೆಪಟ್ಟ ಎಂದುಕೊಂಡರೆ? ಕ್ರಿಸ್ಮಸ್‌ಗೆ ನಾಲ್ಕು ದಿನ ಊರಿಗೆ ಬರುತ್ತೇನೆ. ಅಷ್ಟರಲ್ಲಿ ಯಾರಾದರೂ ದಾರಿ ಹೇಳಿ.

ಸಿಂಧನೂರು ಸೊಸೆ

ಅಣ್ಣ, ನಮ್ಮ ಅತ್ತೆ ಮಾಡಿದ್ದನ್ನು ಹೇಳುತ್ತೇನೆ. ನಾವು ಕೇಳಲಿಲ್ಲ, ಅವರೇ ಮಾಡಿದರು.

ಅತ್ತೆ ಓದಿದ್ದು ಐದನೇ ಕ್ಲಾಸು. ಆಗಮನ ಕಾಲದ ನಾಲ್ಕು ಮೇಣದಬತ್ತಿ ಇಡುತ್ತೇವಲ್ಲ, ಮೊದಲನೆಯದು ಹಚ್ಚಿದ ರಾತ್ರಿ ಮೊಮ್ಮಗಳ ಹಳೇ ರಫ್ ನೋಟ್‌ಬುಕ್ ತರಿಸಿದರು. "ನಾನು ಹೇಳುತ್ತೇನೆ, ನೀನು ಬರಿ" ಎಂದರು. ನಾನು ಒಡವೆ, ಹೊಲದ ವಿಷಯ ಬರೆಸುತ್ತಾರೆ ಎಂದುಕೊಂಡೆ. ಅವರು ಬರೆಸಿದ್ದು ಹೆಸರುಗಳನ್ನು. ಯಾರಿಗೆ ಸ್ತೋತ್ರ, ಅಂದರೆ ಧನ್ಯವಾದ, ಹೇಳಬೇಕೋ ಅವರ ಹೆಸರು. ಬರಗಾಲದ ವರ್ಷ ಎರಡು ಚೀಲ ಜೋಳ ಕೊಟ್ಟು ವಾಪಸ್ ಕೇಳದ ಗೌಡರ ಮನೆಯವರು. ಮಾವ ಕುಡಿದು ಬಂದ ರಾತ್ರಿ ಬಾಗಿಲು ತೆರೆದು ಒಳಗೆ ಕರೆದ ಪಕ್ಕದ ಮನೆಯ ಸಾಬರ ಹೆಂಗಸು. ದೀಕ್ಷಾಸ್ನಾನ ಕೊಡಿಸಿದ ಸಿಸ್ಟರ್. 23 ಹೆಸರಾಯಿತು. 19ನೆಯದು ನನ್ನದು. ಬರೆಯುತ್ತಿದ್ದ ನನ್ನ ಕೈ ನಿಂತುಹೋಯಿತು. ಮದುವೆಯಾಗಿ 14 ವರ್ಷದಲ್ಲಿ ಅತ್ತೆ ನನಗೆ ಒಂದು ದಿನವೂ ಒಳ್ಳೆಯ ಮಾತು ಹೇಳಿದವರಲ್ಲ.

ಎರಡನೇ ವಾರ ಮತ್ತೆ ಕೂತರು. ಆಗ ಬಂದದ್ದು ಆಸ್ಪತ್ರೆ ಮಾತು. "ಉಸಿರಾಡಿಸುವ ಮಿಷನ್ ಬೇಡ. ನೋವಿಗೆ ಔಷಧಿ ಕೊಡಿಸಿ. ಬಾಯಿ ಒಣಗಲು ಬಿಡಬೇಡಿ. ಮನೆ ಪಡಸಾಲೆಯಲ್ಲಿ ಮಲಗಿಸಿ, ಬಾಗಿಲು ತೆರೆದಿಡಿ." ಮೂರನೇ ವಾರ ಮಣ್ಣಿನ ವಿಷಯ. ಪೆಟ್ಟಿಗೆ ಕಡಿಮೆ ಬೆಲೆಯದು ಸಾಕು, ಹಸಿರು ಇಳಕಲ್ ಸೀರೆ ಉಡಿಸಿ, ತಿಥಿಗೆ ಸಾಲ ಮಾಡಬೇಡಿ. ನಾಲ್ಕನೇ ವಾರ ಏನೂ ಬರೆಸಲಿಲ್ಲ. ಗೋದಲಿಗೆ ಮಣ್ಣಿನ ಮುಚ್ಚಳದಲ್ಲಿ ಜೋಳ ಬಿತ್ತಿದ್ದರು. ಅದಕ್ಕೆ ನೀರು ಹಾಕುತ್ತಾ ಕೂತರು.

ಎರಡು ವರ್ಷ ಬದುಕಿದರು. ಹೋದಾಗ ಯಾರೂ ಯಾರಿಗೂ ಏನು ಮಾಡೋಣ ಎಂದು ಕೇಳಲಿಲ್ಲ. ಪಡಸಾಲೆಯಲ್ಲಿ ಬಾಗಿಲು ತೆರೆದಿತ್ತು. ಮಾಡಬೇಕಾದ್ದೆಲ್ಲ ಗೊತ್ತಿದ್ದರಿಂದ ನಮಗೆ ಅಳಲು ಸಮಯ ಸಿಕ್ಕಿತು.

ಅದಕ್ಕೇ ಹೇಳುವುದು, ಸಾವಿನಿಂದ ಶುರು ಮಾಡಬೇಡಿ. "ನಿಮ್ಮ ಪರವಾಗಿ ನಾನು ಯಾರಿಗೆ ಸ್ತೋತ್ರ ಹೇಳಬೇಕು?" ಎಂದು ಕೇಳಿ. ಆಮೇಲಿನ ಮಾತು ತಾನಾಗಿಯೇ ಬರುತ್ತದೆ.

ನಿವೃತ್ತ ನರ್ಸ್, ರಾಯಚೂರು

ಸೊಸೆಯವರೇ, ಇದನ್ನು ಓದಿ ಎದ್ದು ಸ್ವಲ್ಪ ಹೊತ್ತು ಅಂಗಳದಲ್ಲಿ ಓಡಾಡಿ ಬಂದೆ. ನನಗೆ ಬೈಬಲಿನಲ್ಲಿ ಬರುವ ದೇವಾಲಯದ ಸಿಮೆಯೋನ ನೆನಪಾದರು. ಜೀವಮಾನವಿಡೀ ಕಾದು, ಮಗು ಯೇಸುವನ್ನು ಕೈಯಲ್ಲಿ ಎತ್ತಿಕೊಂಡು, ಇನ್ನು ನನ್ನನ್ನು ಸಮಾಧಾನದಿಂದ ಕಳಿಸಿಕೊಡು ಎಂದವರು. ಮೊದಲು ದೇವರನ್ನು ಕೊಂಡಾಡಿ, ಆಮೇಲೆ ಹೋಗುವ ಮಾತು. ಗುರುಗಳೂ ಕನ್ಯಾಸ್ತ್ರೀಯರೂ ಪ್ರತಿ ರಾತ್ರಿ ಮಲಗುವ ಮುಂಚೆ ಆ ಪ್ರಾರ್ಥನೆ ಹೇಳುತ್ತಾರೆ.

ಗೋದಲಿ ಮನೆ, ರಾಯಚೂರು

ನಾನೂ ಒಂದು ಕೇಳಲಾ? ನಮ್ಮ ಯಜಮಾನರು ತಮ್ಮ ದೇಹವನ್ನು ಮೆಡಿಕಲ್ ಕಾಲೇಜಿಗೆ ಕೊಡಬೇಕು ಎನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಮಣ್ಣು ಮಾಡದಿದ್ದರೆ ಪುನರುತ್ಥಾನದ ಕಥೆ ಏನು?

ಮುದಗಲ್ ಉಪದೇಶಿ

ತಂಗಿ, ಸಮುದ್ರದಲ್ಲಿ ಹೋದವರನ್ನೂ ಬೆಂಕಿಯಲ್ಲಿ ಹೋದವರನ್ನೂ ಎಬ್ಬಿಸುವ ದೇವರಿಗೆ ಮೆಡಿಕಲ್ ಕಾಲೇಜು ದೊಡ್ಡದಲ್ಲ. ಅಂಗದಾನವನ್ನು ಧರ್ಮಸಭೆ ಮೆಚ್ಚುತ್ತದೆ, ದೇಹದಾನಕ್ಕೂ ಅಡ್ಡಿಯಿಲ್ಲ. ದೇಹವಿಲ್ಲದಿದ್ದರೂ ಅವರಿಗಾಗಿ ಪೂಜೆ ಇಡಬಹುದು. ಸುಡುವುದಕ್ಕೂ 1963ರಿಂದ ಅನುಮತಿ ಇದೆ. ಮಣ್ಣು ಮಾಡುವುದೇ ಹೆಚ್ಚು ಇಷ್ಟ ಎಂದು ಧರ್ಮಸಭೆ ಹೇಳುತ್ತದೆ. ಸುಟ್ಟರೆ ಬೂದಿಯನ್ನು ಸ್ಮಶಾನದಂಥ ಪವಿತ್ರ ಜಾಗದಲ್ಲಿಡಬೇಕು, ಹೊಳೆಗೆ ಬಿಡುವಂತಿಲ್ಲ ಎಂದು 2016ರಲ್ಲಿ ಮತ್ತೆ ಸ್ಪಷ್ಟ ಮಾಡಿದ್ದಾರೆ. ಕಣ್ಣು ಕೊಡುವುದಾದರೆ 6 ಗಂಟೆಯೊಳಗೆ ತೆಗೆಯಬೇಕು, ಹಾಗಾಗಿ ಮನೆಯವರಿಗೆಲ್ಲ ಮೊದಲೇ ಗೊತ್ತಿರಲಿ. ಯಜಮಾನರ ಜೊತೆ ಜಗಳ ಮಾಡಬೇಡಿ. ಅವರು ಬಾಯಿಬಿಟ್ಟು ಹೇಳುತ್ತಿದ್ದಾರಲ್ಲ, ಅದೇ ದೊಡ್ಡದು.

ಕೌಲ್‌ಬಜಾರ್ ಅಕ್ಕ, ಬಳ್ಳಾರಿ

ಎಲ್ಲರಿಗೂ ಸ್ತೋತ್ರ. ಎರಡು ವಾರ ಆಯಿತು, ನಡೆದದ್ದು ಹೇಳುತ್ತೇನೆ.

ಗುಲಾಬಿ ಬಣ್ಣದ ಮೇಣದಬತ್ತಿ ಹಚ್ಚಿದ ಮೂರನೇ ಭಾನುವಾರ ಸಂಜೆ ಅವ್ವನ ಮುಂದೆ ಕೂತೆ. ಸಿಂಧನೂರು ತಂಗಿ ಹೇಳಿದ ಹಾಗೇ ಕೇಳಿದೆ. ಕೈಯಲ್ಲಿ ಅಪ್ಪನ ಲೆಕ್ಕದ ಪುಸ್ತಕ ಇತ್ತು, ಕೊನೆಯಲ್ಲಿ ಖಾಲಿ ಹಾಳೆಗಳಿದ್ದವು. ಅವ್ವ ಒಂದು ನಿಮಿಷವೂ ಯೋಚಿಸಲಿಲ್ಲ. ಎಷ್ಟು ವರ್ಷದಿಂದ ಕಾದಿದ್ದಳೋ ಏನೋ.

ಎರಡನೇ ಹೆಸರಿಗೇ ನಾನು ಎದ್ದು ತಮ್ಮನಿಗೆ ಫೋನ್ ಮಾಡಿದೆ. ಸ್ಪೀಕರ್ ಹಾಕಿ ಅವ್ವನ ಪಕ್ಕದಲ್ಲಿಟ್ಟೆ. ಅವನು ಒಂದೂವರೆ ಗಂಟೆ ಕೇಳಿದ. ಅವ್ವ ಮಿಷನ್ ಬೇಡ ಎಂದಾಗ ಅವನು ಸುಮ್ಮನಾದ. ಆಮೇಲೆ "ಅಕ್ಕ, ಅದನ್ನು ಅವ್ವ ಹೇಳಿದ ಮಾತಲ್ಲೇ ಬರಿ, ತಿದ್ದಬೇಡ" ಎಂದ. ಆಮೇಲೆ ಅವ್ವ ಹೇಳಿದಳು, ಪತ್ರದಲ್ಲಿ ನಿಮ್ಮಿಬ್ಬರ ಹೆಸರೂ ಇರಲಿ, ಒಬ್ಬರದ್ದೇ ಬೇಡ ಎಂದು. ಜನವರಿಯಲ್ಲಿ ತಮ್ಮ ಬರುತ್ತಾನೆ, ನೋಟರಿ ಹತ್ತಿರ ಒಟ್ಟಿಗೆ ಹೋಗುತ್ತೇವೆ.

ಒಂದು ಸಹಾಯ ಬೇಕು. ಪಟ್ಟಿಯಲ್ಲಿ ಮೊದಲನೆಯದು ಹೆಸರಿಲ್ಲದ ಮನುಷ್ಯ. 1978ರಲ್ಲಿ ತಮ್ಮ ಹುಟ್ಟಿದಾಗ ಅವ್ವನಿಗೆ ರಕ್ತ ಬೇಕಾಯಿತಂತೆ. ಸಿರುಗುಪ್ಪ ರೂಟಿನ ಬಸ್ ಕಂಡಕ್ಟರ್ ಒಬ್ಬರು, ಬೇರೆ ಯಾರನ್ನೋ ನೋಡಲು ಆಸ್ಪತ್ರೆಗೆ ಬಂದವರು, ರಕ್ತ ಕೊಟ್ಟು ಹೆಸರೂ ಹೇಳದೆ ಡ್ಯೂಟಿಗೆ ಹೋದರಂತೆ. ಎಡಗೈಯಲ್ಲಿ ಆರು ಬೆರಳಿದ್ದವು ಎಂಬುದಷ್ಟೇ ಅವ್ವನಿಗೆ ನೆನಪು. ಇದ್ದರೆ ಈಗ 75 ದಾಟಿರಬೇಕು. ಅವರಿಗೋ ಅವರ ಮಕ್ಕಳಿಗೋ ಒಂದು ಮಾತು ಹೇಳಬೇಕು ಎನ್ನುತ್ತಾಳೆ. ಆ ಕಡೆಯವರಿಗೆ ಯಾರಿಗಾದರೂ ಗೊತ್ತಾ?

ಬೆಂಗಳೂರಿನಲ್ಲಿರುವ ಸಿರುಗುಪ್ಪದವನು

ಅಕ್ಕ, ನಮ್ಮ ದೊಡ್ಡಪ್ಪ ಆ ರೂಟಿನಲ್ಲೇ ಡ್ರೈವರ್ ಆಗಿದ್ದರು. ಈಗ ಕಿವಿ ಸ್ವಲ್ಪ ಮಂದ, ನೆನಪು ಮಾತ್ರ ಗಟ್ಟಿ. 23ಕ್ಕೆ ಊರಿಗೆ ಹೋಗುತ್ತೇನೆ. ಮೊದಲು ಅವರ ಮನೆಗೇ ಹೋಗಿ ಕೇಳುತ್ತೇನೆ.